ವಿದ್ಯಾನಗರದಲ್ಲಿ ಕೊಂಡ ಚೀನೀ ಹೂವಿನ ಚಹಾ: ಬಸುರಿಯ ಮನೆಗೆ ತರುವ ಮೊದಲು

ಕುಬುಸಕ್ಕೆಂದು ತವರಿಗೆ ಬಂದಿರುವ ನನ್ನ ತಂಗಿಗೆ ಈಗ ಐದು ತಿಂಗಳು. ಹಾಲು ಹಾಕಿದ ಚಹಾದ ವಾಸನೆಯೇ ಅವಳಿಗೆ ಆಗುತ್ತಿಲ್ಲವಾದ್ದರಿಂದ, ಹುಬ್ಬಳ್ಳಿಯ ವಿದ್ಯಾನಗರದ ಅಂಗಡಿಯೊಂದರಿಂದ ಚೀನೀ ಗಿಡಮೂಲಿಕೆ ಚಹಾದ ಡಬ್ಬಿಯನ್ನು ತಂದೆ. ಕೇಳಿದಾಗ ಅಂಗಡಿಯವರು, “ಬರೇ ಹೂವು, ಬೇರು ಐತ್ರಿ, ಬಸರ ಹೆಂಗಸರೂ ಕುಡೀಬಹುದ್ರಿ” ಎಂದರು.

ರುಚಿಯ ಬಗ್ಗೆ ದೂರಿಲ್ಲ. ಕುದಿನೀರು ಹೊಯ್ದೊಡನೆ ಸೇವಂತಿಗೆಯ ತೆಳುವಾದ ಪರಿಮಳ ಏಳುತ್ತದೆ, ಸಕ್ಕರೆ ಹಾಕದಿದ್ದರೂ ಕೊನೆಯಲ್ಲಿ ನಾಲಿಗೆಯ ಮೇಲೆ ಸಿಹಿ ಉಳಿಯುತ್ತದೆ. ತಂಗಿಗೂ ಹಿಡಿಸಿ ಎರಡು ದಿನ ಒಂದೊಂದು ಕಪ್ಪು ಕುಡಿದಳು.

ಮೂರನೆಯ ದಿನ ನಾನು ಡಬ್ಬಿಯ ಹಿಂಬದಿಯನ್ನು ನೋಡಿದೆ. ‘ಗಿಡಮೂಲಿಕೆಗಳ ಮಿಶ್ರಣ’ ಎಂದಷ್ಟೇ ಹೇಳುವ ಆಮದುದಾರರ ಚೀಟಿಯನ್ನು ಮೂಲ ಪಟ್ಟಿಯ ಮೇಲೆಯೇ ಅಂಟಿಸಿದ್ದರು. ಅದನ್ನು ಹಬೆಗೆ ಹಿಡಿದು ಬಿಡಿಸಿದಾಗ ಸೇವಂತಿಗೆ, ಗೋಜಿ ಹಣ್ಣು, ಜ್ಯೇಷ್ಠಮಧುಗಳ ಕೆಳಗೆ ‘ಹೊಂಗ್‌ಹ್ವಾ’ ಎಂಬ ಹೆಸರು ಕಂಡಿತು. ‘ಕೆಂಪು ಹೂವು’ ಎಂಬ ಅರ್ಥದ ಈ ಚೀನೀ ಹೆಸರಿನ ವಸ್ತು ಬೇರೇನೂ ಅಲ್ಲ, ದನಗಳು ಒಳನುಗ್ಗದಿರಲೆಂದು ಗದಗ, ನವಲಗುಂದದ ಎರೆಹೊಲಗಳಲ್ಲಿ ಜೋಳದ ಅಂಚಿಗೆ ಬಿತ್ತುವ ನಮ್ಮ ಮುಳ್ಳಿನ ಕುಸುಬೆಯ ಹೂವಿನ ಎಸಳು. ಅಡುಗೆಗೆ ಬಳಸುವ ಕುಸುಬೆ ಎಣ್ಣೆ ಬೀಜದಿಂದ ಬರುವುದರಿಂದ ಅದರ ಮಾತು ಬೇರೆ. ಹೂವನ್ನು ಚೀನೀ ವೈದ್ಯರು ‘ರಕ್ತವನ್ನು ಚಲಿಸುವಂತೆ ಮಾಡುವ’ ಔಷಧಿಗಳ ಗುಂಪಿಗೆ ಸೇರಿಸಿ, ನಿಂತ ಮುಟ್ಟನ್ನು ಬರಿಸಲು ಕೊಡುತ್ತಾರೆ. ಆ ಕಾರಣಕ್ಕೇ ಚೀನಾದ ಅಧಿಕೃತ ಔಷಧಕೋಶ ಗರ್ಭಿಣಿಯರ ವಿಷಯದಲ್ಲಿ ಇದನ್ನು ಎಚ್ಚರಿಕೆಯಿಂದ ಬಳಸಬೇಕೆಂದು ಹೇಳುತ್ತದೆ. ಆದ್ದರಿಂದ, ಚೀನೀಯರು ಶತಮಾನಗಳಿಂದ ಬಳಸುತ್ತ ಬಂದಿದ್ದಾರೆ, ಅಪಾಯವೇನಿಲ್ಲ ಎನ್ನುವ ಮಾರಾಟದ ಮಾತಿಗೆ ಆ ಪರಂಪರೆಯ ಒಪ್ಪಿಗೆಯೇ ಇಲ್ಲ. ಬಸುರಿಯರಿಗೆ ಕೂಡದ್ದು ಯಾವುದು, ರೋಗಿಯನ್ನು ನೋಡಿ ಮಾತ್ರ ಕೊಡಬೇಕಾದದ್ದು ಯಾವುದು ಎಂದು ಅದು ಬೇರ್ಪಡಿಸಿಯೇ ಇಟ್ಟಿದೆ. (ಕೇಸರಿಗೆ ಕಲಬೆರಕೆಯಾಗಿ ಬೆರೆಸುವುದೂ ಈ ಎಸಳನ್ನೇ ಆದ್ದರಿಂದ, ಬಸುರಿಗೆ ಕೇಸರಿ ಹಾಲು ಕೊಡುವ ಮನೆಯವರೂ ನೋಡಿ ಕೊಳ್ಳುವುದು ಒಳ್ಳೆಯದು.)

ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ಜ್ಯೇಷ್ಠಮಧು. ಆ ಕೊನೆಯ ಸಿಹಿ ಅದರದ್ದೇ. ಅದರಲ್ಲಿರುವ ಗ್ಲಿಸಿರೈಜಿನ್ ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಗರ್ಭಿಣಿಯರು ಜ್ಯೇಷ್ಠಮಧುವನ್ನು ಹೆಚ್ಚು ತಿನ್ನಬಾರದೆಂದು ಫಿನ್ಲೆಂಡಿನ ಸರಕಾರಿ ಆರೋಗ್ಯ ಸಂಸ್ಥೆ ಸಲಹೆ ನೀಡುತ್ತದೆ. ತಂಗಿಯ ಬಿ.ಪಿ. ಕಳೆದ ತಪಾಸಣೆಯಲ್ಲಿ ತುಸು ಮೇಲೆಯೇ ಇತ್ತು. ಒಂದು ಪೊಟ್ಟಣದಲ್ಲಿ ಯಾವುದು ಎಷ್ಟು ಗ್ರಾಂ ಇದೆಯೆಂದು ಡಬ್ಬಿಯ ಮೇಲೆ ಎಲ್ಲಿಯೂ ಬರೆದಿಲ್ಲ, ಗರ್ಭಿಣಿಯರಿಗೆ ಎಚ್ಚರಿಕೆಯ ಒಂದು ಸಾಲೂ ಇಲ್ಲ. ಡಬ್ಬಿಯನ್ನೇ ಡಾಕ್ಟರರಿಗೆ ತೋರಿಸಿದೆವು. ಎರಡು ಕಪ್ಪಿಗೆ ಗಾಬರಿ ಬೇಡ, ಆದರೆ ಇನ್ನು ಮುಂದೆ ಕುಡಿಯಬಾರದು ಎಂದರು.

ಮುಂಭಾಗದಲ್ಲಿ ದೊಡ್ಡದಾಗಿ ಬರೆದ ‘ಕೆಫೀನ್ ರಹಿತ’ ಎಂಬುದು ಕೊಳ್ಳುವವರನ್ನು ದಾರಿ ತಪ್ಪಿಸುತ್ತದೆ ಎಂದು ನನ್ನ ಅಭಿಪ್ರಾಯ. ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂವರೆಗಿನ ಕೆಫೀನ್ ಸಾಮಾನ್ಯವಾಗಿ ಒಪ್ಪಿತವಾಗಿದ್ದು, ಮನೆಯ ಒಂದು ಕಪ್ಪು ಚಹಾ ಆ ಮಿತಿಯೊಳಗೇ ಇರುತ್ತದೆ. ಇಲ್ಲಿ ಚಿಂತೆ ಕೆಫೀನಿನದಲ್ಲ, ಚೀಟಿಯಡಿ ಮುಚ್ಚಿಹೋದ ಹೆಸರುಗಳದ್ದು.

ಅಂಗಡಿಯವರಿಗೆ ಪಟ್ಟಿಯನ್ನು ತೋರಿಸಿದಾಗ ಅವರು ವಾದಿಸದೆ ಹಣ ಮರಳಿಸಿದರು, ಅದನ್ನು ನಾನು ಮೆಚ್ಚುತ್ತೇನೆ. ಆದರೆ ಮೊನ್ನೆ ಹೋದಾಗ ಅದೇ ಡಬ್ಬಿಗಳು ಅದೇ ಸಾಲಿನಲ್ಲಿ, ಚೀಟಿ ಅಂಟಿಸಿಕೊಂಡೇ ಇದ್ದವು. ಕಪಾಟಿಗೆ ‘ಗರ್ಭಿಣಿಯರು ಡಾಕ್ಟರರನ್ನು ಕೇಳದೆ ಕೊಳ್ಳಬೇಡಿ’ ಎಂಬ ಫಲಕ ಹಾಕಿ ಎಂದು ಕೇಳಿಕೊಂಡು ಬಂದಿದ್ದೇನೆ. ತಂಗಿ ಸದ್ಯಕ್ಕೆ ಬೆಳಿಗ್ಗೆ ಬಿಸಿನೀರಿಗೆ ಸಣ್ಣ ಶುಂಠಿ ಚೂರು ಹಾಕಿಕೊಂಡು ಕುಡಿಯುತ್ತಿದ್ದಾಳೆ.