ಟೆಲಿ-ಮಾನಸ್ 14416: ಮೆಡಿಕಲ್ ಓದುವವರಿಗೆ ಉಪಯೋಗಕ್ಕೆ ಬರುತ್ತದಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬರುತ್ತದೆ. ನಾನು ಉತ್ತರ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನಲ್ಲಿ ಹೌಸ್ ಸರ್ಜನ್. ನಾಲ್ಕೂವರೆ ವರ್ಷ ಓದಿ, ಪರೀಕ್ಷೆ ಮುಗಿಸಿ, ಈಗ ಬಿಪಿ ನೋಡೋದು, ರಕ್ತ ಎಳೆಯೋದು, ಕೇಸ್ ಶೀಟ್ ಹಿಡಿದು ಓಡೋದು. ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ) ಪೋಸ್ಟಿಂಗ್ ನಡೆಯುತ್ತಿದ್ದಾಗ 14416ಕ್ಕೆ ಫೋನ್ ಮಾಡಿದೆ. ಅದು ಹೇಗೋ ಜೂನಿಯರ್‌ಗಳಿಗೆ ಗೊತ್ತಾಗಿದೆ. "ಅಕ್ಕಾ, ಅದು ಖರೇನ ವರ್ಕ್ ಆಗ್ತದೇನ್ರಿ?" ಅಂತ ಮೆಸ್‌ನಲ್ಲಿ ಪಿಸುಗುಡುತ್ತಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಬರೆದಿಟ್ಟರೆ ಆಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಟೆಲಿ-ಮಾನಸ್ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಬಜೆಟ್‌ನಲ್ಲಿ ಘೋಷಣೆಯಾಗಿ ಅದೇ ವರ್ಷ ಅಕ್ಟೋಬರ್ 10ಕ್ಕೆ ಶುರುವಾಯಿತು. ಮುಖ್ಯ ಉಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ದು. ಹಗಲೂ ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕಾಲೇಜಿನಲ್ಲೇ ಸೈಕಿಯಾಟ್ರಿ ಡಿಪಾರ್ಟ್‌ಮೆಂಟ್ ಇರುವಾಗ ಫೋನ್ ಯಾಕೆ ಅನ್ನುವವರು ಮೆಡಿಕಲ್ ಕಾಲೇಜಿನ ಒಳಗೆ ಇದ್ದವರಲ್ಲ. ನಮ್ಮಲ್ಲಿ ಕೌನ್ಸೆಲಿಂಗ್ ಸೆಲ್ ಇದೆ. ಬಾಗಿಲ ಮೇಲೆ ಬೋರ್ಡಿದೆ, ಪಕ್ಕದಲ್ಲೇ ಸ್ಟೂಡೆಂಟ್ ಸೆಕ್ಷನ್. ಫೀಸ್ ಕಟ್ಟುವ ಸಾಲು ಆ ಬಾಗಿಲ ಮುಂದೆಯೇ ನಿಲ್ಲುತ್ತದೆ. ಒಳಗೆ ಒಂದು ರಿಜಿಸ್ಟರ್: ಹೆಸರು, ರೋಲ್ ನಂಬರ್, ಬ್ಯಾಚ್, 'ಕಾರಣ'. ಸಮಯ ಬೆಳಿಗ್ಗೆ ಹತ್ತರಿಂದ ನಾಲ್ಕು, ಅಂದರೆ ನಾವು ವಾರ್ಡಿನಲ್ಲಿರುವ ಹೊತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕುರ್ಚಿಯಲ್ಲಿ ಕೂತಿರುವವರು ನಮಗೆ ಇಂಟರ್ನಲ್ಸ್ ಮಾರ್ಕ್ಸ್ ಹಾಕಿದವರೇ. ಅವರು ಒಳ್ಳೆಯವರು, ಬಯ್ಯುವವರಲ್ಲ. ಆದರೂ ನಾಳೆ ರೌಂಡ್ಸ್‌ನಲ್ಲಿ ಅವರೆದುರೇ ನಿಂತು ಕೇಸ್ ಹೇಳಬೇಕಲ್ಲ! ಮೆಂಟರ್-ಮೆಂಟಿ ಅಂತ ಇನ್ನೊಂದಿದೆ, ವಿದ್ಯಾರ್ಥಿಗಳನ್ನು ವಿಚಾರಿಸಿಕೊಳ್ಳಲು ಒಬ್ಬ ಅಧ್ಯಾಪಕರನ್ನು ಗೊತ್ತುಮಾಡುವ ಯೋಜನೆ. ನನ್ನ ಮೆಂಟರ್ ಸರ್ ಫಾರ್ಮಕಾಲಜಿ ಡಿಪಾರ್ಟ್‌ಮೆಂಟಿನವರು. ಫಾರ್ಮ್ ಮೇಲೆ ಸಹಿ ಹಾಕಿ "ಅಟೆಂಡೆನ್ಸ್ ಎಷ್ಟಿದೆ?" ಅಂತ ಕೇಳುತ್ತಾರೆ. ಆ ಯೋಜನೆ ನನ್ನ ಮಟ್ಟಿಗೆ ಅಷ್ಟಕ್ಕೇ ಮುಗಿಯುತ್ತದೆ.

ಮನೆಯಲ್ಲಿ ಹೇಳಿದೆ. ಅವ್ವ ಅಂದದ್ದು ಒಂದೇ ಮಾತು: "ನೀನ ಡಾಕ್ಟರ್ ಆಗಾಕಿ, ನಿನಗ್ಯಾಕ ಬೇಕು ಡಾಕ್ಟರ್?" ಅದರಲ್ಲಿ ಕೊಂಕಿರಲಿಲ್ಲ, ಹೆದರಿಕೆ ಇತ್ತು. ರೂಮ್‌ಮೇಟ್‌ಗಂತೂ ನೀಟ್ ಪಿಜಿ ಓದಿನಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ.

ಎಲ್ಲಿಂದ ಫೋನ್ ಮಾಡುವುದು ಅನ್ನುವುದು ನನಗೆ ನಂಬರ್ ಹುಡುಕುವುದಕ್ಕಿಂತ ಕಷ್ಟವಾಯಿತು. ಹಾಸ್ಟೆಲ್ ರೂಮಿನಲ್ಲಿ ಮೂವರಿದ್ದೇವೆ. ಡ್ಯೂಟಿ ರೂಮಿಗೆ ಬಾಗಿಲಿದೆ, ಚಿಲಕ ಇಲ್ಲ. ಕಾರಿಡಾರಿನಲ್ಲಿ ಪೇಷಂಟ್ ಕಡೆಯವರು ಮಲಗಿರುತ್ತಾರೆ. ಕೊನೆಗೆ ಬ್ಲಡ್ ಬ್ಯಾಂಕ್ ಹಿಂದಿನ ಪಾರ್ಕಿಂಗ್‌ನಲ್ಲಿ ಸ್ಕೂಟಿ ಮೇಲೆ ಕೂತು, ಇಯರ್‌ಫೋನ್ ಹಾಕಿಕೊಂಡು ಮಾಡಿದೆ. ನೋಡಿದವರಿಗೆ ಯಾರೋ ಹುಡುಗನ ಜೊತೆ ಮಾತಾಡುತ್ತಿದ್ದಾಳೆ ಅನ್ನಿಸಿರಬಹುದು. ಅನ್ನಿಸಲಿ, ಅದಕ್ಕೆ ರಿಜಿಸ್ಟರ್ ಇಲ್ಲ.

ಭಾಷೆ ಆರಿಸಿಕೊಳ್ಳಿ ಅಂತ ರೆಕಾರ್ಡೆಡ್ ದನಿ ಬಂತು, ಆಮೇಲೆ ಒಬ್ಬರು ಮೇಡಂ ಎತ್ತಿಕೊಂಡರು. ಮೈಸೂರು ಕಡೆಯ ಮಾತು. ಹೆಸರು, ವಯಸ್ಸು, ಜಿಲ್ಲೆ ಕೇಳಿದರು. ಕಾಲೇಜಿನ ಹೆಸರು ನಾನು ಹೇಳಲಿಲ್ಲ, ಅವರೂ ಒತ್ತಾಯ ಮಾಡಲಿಲ್ಲ. ಮೆಡಿಕೋಗಳ ಚಟ ನೋಡಿ, ನಾನು ಶುರು ಮಾಡಿದ್ದೇ ಹೀಗೆ: "ಎರಡು ವಾರದಿಂದ ಇನ್ಸಾಮ್ನಿಯಾ, ಅಪೆಟೈಟ್ ಕಡಿಮೆ, ಕಾನ್ಸಂಟ್ರೇಷನ್ ಇಲ್ಲ, ಫಟೀಗ್ ಇದೆ..." ಡಿಪ್ರೆಶನ್ ಅನ್ನಲು ಒಂಬತ್ತರಲ್ಲಿ ಐದು ಲಕ್ಷಣ ಬೇಕು ಅಂತ ಓದಿದ್ದೇವಲ್ಲ, ತಲೆಯೊಳಗೆ ಅದರ ಲೆಕ್ಕವೂ ನಡೆದಿತ್ತು. ಅವರು ಸ್ವಲ್ಪ ಹೊತ್ತು ಕೇಳಿ, "ಯಾರೋ ಪೇಷಂಟ್ ಬಗ್ಗೆ ಹೇಳ್ತಾ ಇರೋ ಹಾಗಿದೆ. ನಿನ್ನೆ ರಾತ್ರಿ ಊಟಕ್ಕೆ ಏನು ತಿಂದ್ರಿ?" ಅಂದರು.

ಪಾರ್ಲೆ-ಜಿ ಮತ್ತು ಚಹಾ. ಅದನ್ನು ಹೇಳುವಾಗ ಅಳು ಬಂತು. ಲೇಬರ್ ರೂಮಿನಲ್ಲಿ ಸೀನಿಯರ್ ಒಬ್ಬರು ಪೇಷಂಟ್ ಮುಂದೆಯೇ ಕೇಸ್ ಶೀಟ್ ಎಸೆದದ್ದು, ಪೋಸ್ಟ್-ಡ್ಯೂಟಿ ಬಂದು ಮಲಗಿದರೂ ಮಾನಿಟರ್ ಬೀಪ್ ಕಿವಿಯಲ್ಲೇ ಇರುವುದು, ಹತ್ತನೇ ತನಕ ಕನ್ನಡ ಮೀಡಿಯಂ ಓದಿ ಬಂದು ಫಸ್ಟ್ ಇಯರ್ ಅನಾಟಮಿ ವೈವಾದಲ್ಲಿ ಬಾಯಿ ಕಟ್ಟಿದ್ದು, ಸಂಬಂಧ ಇದ್ದದ್ದು ಇಲ್ಲದ್ದು ಎಲ್ಲ ಬಂತು. ಅವರು ನಡುವೆ ಬಾಯಿ ಹಾಕಲಿಲ್ಲ. "ಸ್ಟ್ರಾಂಗ್ ಆಗಿರಿ", "ಯೋಗ ಮಾಡಿ" ಅನ್ನಲೂ ಇಲ್ಲ. ನಮ್ಮ ಕಾಲೇಜಿನ ವೆಲ್‌ನೆಸ್ ಕಾರ್ಯಕ್ರಮಗಳೆಲ್ಲ ಶುರುವಾಗುವುದೂ ಮುಗಿಯುವುದೂ ಯೋಗದಲ್ಲೇ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು. "ಸಾಯಬೇಕು ಅಂತ ಯೋಚನೆ ಬಂದಿದೆಯಾ?" ಅಂತ ನೇರವಾಗಿ ಕೇಳಿದರು. ಹಾಗೆ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ ಅಂತ ಸೈಕಿಯಾಟ್ರಿ ಪೋಸ್ಟಿಂಗ್‌ನಲ್ಲಿ ನಮಗೂ ಕಲಿಸಿದ್ದಾರೆ. ಆದರೂ ನಾವು ನಾವೇ ಒಬ್ಬರನ್ನೊಬ್ಬರು ಎಂದೂ ಕೇಳಿಲ್ಲ. "ಬೆಳಿಗ್ಗೆ ಎಚ್ಚರ ಆಗದಿದ್ದರೆ ಸಾಕು ಅನ್ನಿಸಿದೆ" ಅಂದೆ. ಅವರ ದನಿ ಬದಲಾಗಲಿಲ್ಲ. ಯಾವಾಗಿಂದ, ಎಷ್ಟು ಸಲ, ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದೆಯಾ, ಈಗ ಜೊತೆಗೆ ಯಾರಿದ್ದಾರೆ, ರಾತ್ರಿ ಕರೆದರೆ ಬರುವವರು ಯಾರು ಅಂತ ಒಂದೊಂದಾಗಿ ಕೇಳಿದರು. ಕರೆದರೆ ಬರುವವಳ ಹೆಸರು ಹೇಳಿಸಿ, ಇವತ್ತೇ ಅವಳಿಗೆ ವಿಷಯ ತಿಳಿಸುತ್ತೇನೆ ಅಂತ ಒಪ್ಪಿಸಿದ ಮೇಲೆಯೇ ಮುಂದಿನ ಮಾತು.

ಒಮ್ಮೆ ಸೈಕಿಯಾಟ್ರಿಸ್ಟ್‌ಗೆ ಮುಖತಃ ತೋರಿಸಿ ಅಂದರು. ನಮ್ಮ ಆಸ್ಪತ್ರೆಯಲ್ಲಿ ತೋರಿಸಲು ನಾನು ಒಲ್ಲೆ ಅಂದಾಗ ಯಾಕೆ ಅಂತ ಕೇಳದೆ ಬೇರೆ ಕಡೆ ಎಲ್ಲೆಲ್ಲಿ ಹೋಗಬಹುದು ಅಂತ ತಿಳಿಸಿದರು. ನಾನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಆರಿಸಿಕೊಂಡೆ, ಬಸ್ಸಿಗೆ ಹೋಗಿಬರುವ ದೂರ. ಡಾಕ್ಟರ ಬಿಳಿ ಏಪ್ರನ್ ಇಲ್ಲದೆ, ಚೀಟಿ ಹಿಡಿದು, ಎಲ್ಲರ ಹಾಗೆ ಸಾಲಿನಲ್ಲಿ ನಿಂತೆ. ಮುಂದೆ ನಿಂತಿದ್ದ ಅಜ್ಜ "ಯಾರಿಗ ತೋರಸಾಕ ಬಂದೀಯವಾ?" ಅಂದ. "ನನಗ" ಅಂದೆ. ಅವನು "ಹೌದಾ" ಅಂದು ತನ್ನ ಮಗನ ಕಥೆ ಶುರುಮಾಡಿದ. ಈಗ ಚಿಕಿತ್ಸೆ ನಡೆದಿದೆ, ನಿದ್ದೆ ಬರುತ್ತಿದೆ. ಉಳಿದದ್ದು ನನ್ನ ಸ್ವಂತದ್ದು, ರಿವ್ಯೂಗೆ ಬೇಡ.

ಇದರಿಂದ ಆಗದ್ದೇನು ಅನ್ನುವುದನ್ನೂ ಹೇಳಬೇಕು. ಇದು ಸಹಾಯವಾಣಿ, ವಾರವಾರ ಅದೇ ಒಬ್ಬರ ಜೊತೆ ಕೂತು ಮಾಡುವ ಥೆರಪಿ ಅಲ್ಲ. ಡ್ಯೂಟಿ ರೋಸ್ಟರ್ ಮೇಲೆ ಅದರ ಕೈ ನಡೆಯುವುದಿಲ್ಲ. ನಮ್ಮ ನೋವಿನ ಅರ್ಧ ಪಾಲು ಕೂತಿರುವುದು ಅಲ್ಲೇ. 2024ರಲ್ಲಿ ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕಾರ್ಯಪಡೆ ಮೆಡಿಕಲ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ವರದಿ ಕೊಟ್ಟಿತು. ಅಧ್ಯಕ್ಷರು ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ. ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದ 25,590 ಪದವಿ ವಿದ್ಯಾರ್ಥಿಗಳಲ್ಲಿ ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ತೊಂದರೆ ಪತ್ತೆಯಾಗಿದೆ ಅಂದಿದ್ದರು, ಶೇ. 16.2ರಷ್ಟು ಮಂದಿ ತಮ್ಮನ್ನು ತಾವು ಹಾನಿ ಮಾಡಿಕೊಳ್ಳುವ ಅಥವಾ ಆತ್ಮಹತ್ಯೆಯ ಯೋಚನೆ ಬಂದಿದೆ ಅಂದಿದ್ದರು. ಪಿಜಿಗಳಲ್ಲಿ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ, ಆ ಯೋಚನೆ ಬಂದವರು ಶೇ. 31.2. ಟೆಲಿ-ಮಾನಸ್ ಬಳಸಿ ಅಂತ ಶಿಫಾರಸು ಮಾಡಿದ ಅದೇ ವರದಿ, ಪಿಜಿಗಳ ಕೆಲಸ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಕೊಡಿ ಅಂತಲೂ ಹೇಳಿದೆ. ನಮ್ಮ ಯೂನಿಟ್ಟಿನ ಪಿಜಿ ಅಣ್ಣನಿಗೆ ಇದನ್ನು ಓದಿ ಹೇಳಿದೆ. "74 ಗಂಟೆನಾ? ಅದು ಗುರುವಾರಕ್ಕ ಮುಗೀತದಲ್ಲವಾ" ಅಂದು ಸಲೈನ್ ಬದಲಿಸಲು ಹೋದ. ಕಾಲೇಜುಗಳು ನಂಬರಿನ ಪೋಸ್ಟರ್ ಮಾತ್ರ ಅಂಟಿಸಿ ರೋಸ್ಟರ್ ಮುಟ್ಟದೆ ಇದ್ದರೆ ಫೋನಿನ ಆ ತುದಿಯಲ್ಲಿರುವವರಾದರೂ ಏನು ಮಾಡಿಯಾರು?

ಗುಟ್ಟು ಉಳಿಯುತ್ತದಾ ಅನ್ನುವುದು ಎಲ್ಲರ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಚಿಕಿತ್ಸೆಯ ವಿವರ ಗೋಪ್ಯವಾಗಿಡುವ ಹಕ್ಕು ಕೊಡುತ್ತದೆ. ಜೀವಕ್ಕೆ ಅಪಾಯ ಇದ್ದಾಗಿನಂಥ ಕೆಲವು ವಿನಾಯಿತಿಗಳಿವೆ, ಅವು ಇರಬೇಕಾದವೇ. ನನ್ನ ಫೋನಿನ ವಿಷಯ ನನ್ನ ಕಾಲೇಜಿಗೆ ಹೋಗಲಿಲ್ಲ. ಮೆಸ್‌ಗೆ ಹೋದದ್ದು ನನ್ನ ಗೆಳತಿಯರ ಬಾಯಿಂದ!

ಮಾಡುವವರು ಡ್ಯೂಟಿ ನಡುವಿನ ಹತ್ತು ನಿಮಿಷದಲ್ಲಿ ಮಾಡಬೇಡಿ, ಪೋಸ್ಟ್-ಡ್ಯೂಟಿಯಲ್ಲಿ ನಿಧಾನವಾಗಿ ಮಾಡಿ. 14416 ಹತ್ತದಿದ್ದರೆ 1800-891-4416 ಇದೆ. 2024ರಿಂದ ಆ್ಯಪ್ ಕೂಡ ಇದೆ. ಈಗಲೇ ಏನಾದರೂ ಆದೀತು ಅನ್ನುವ ಸ್ಥಿತಿಯಿದ್ದರೆ ಫೋನ್ ಹಿಡಿದು ಕೂರಬೇಡಿ, ಕ್ಯಾಶುಯಲ್ಟಿಗೆ (ತುರ್ತು ಚಿಕಿತ್ಸಾ ವಿಭಾಗ) ನಡೆಯಿರಿ, ಅಥವಾ 112. ರೂಮ್‌ಮೇಟ್ ಬಗ್ಗೆ ಚಿಂತೆಯಿದ್ದರೂ ಇದೇ ನಂಬರಿಗೆ ಮಾಡಬಹುದು. ಫಸ್ಟ್ ಇಯರ್‌ನ ಒಬ್ಬಳು ಹೋದ ತಿಂಗಳು ಹಾಗೇ ಮಾಡಿದ್ದಾಳೆ.