ಜಿಟಿ86ಕ್ಕೆ ಸ್ಪೇಸರ್, ಟೈರು: ಮೂರು ವರ್ಷದ ಬಳಕೆಯ ನಂತರ

ಟೊಯೋಟಾ ಜಿಟಿ86ರ ಚಕ್ರಗಳು ಕಂಪನಿಯಿಂದ ಬರುವಾಗಲೇ ಫೆಂಡರಿನೊಳಗೆ ಹುದುಗಿಕೊಂಡಂತೆ ಕಾಣುತ್ತವೆ. ಸ್ಪೇಸರ್ ಹಾಕುವ ಆಸೆ ಹುಟ್ಟುವುದೇ ಅಲ್ಲಿಂದ: ಚಕ್ರ ಕೂರುವ ಹಬ್ಬಿಗೂ ರಿಮ್ಮಿಗೂ ನಡುವೆ ಇಟ್ಟು ಚಕ್ರವನ್ನು ಹೊರಕ್ಕೆ ತಳ್ಳುವ ಲೋಹದ ಬಿಲ್ಲೆ ಅದು. ಮುಂದೆ 5 ಮಿ.ಮೀ., ಹಿಂದೆ 20 ಮಿ.ಮೀ. ಸ್ಪೇಸರ್, ನಾಲ್ಕೂ ಕಡೆ 225/45 ಆರ್17 ಟೈರು (225 ಮಿ.ಮೀ. ಅಗಲ, ಪಕ್ಕೆಯ ಎತ್ತರ ಅದರ ಶೇ. 45, ರಿಮ್ 17 ಇಂಚು). ಮೂರು ವರ್ಷದ ನಂತರ ಹಿಂದಿನ ಸ್ಪೇಸರ್ ಉಳಿದಿದೆ, ಮುಂದಿನದು ಕಳಚಿದೆ. ಕೊಟ್ಟ ದುಡ್ಡಿಗೆ ನಿಜವಾದ ಬೆಲೆ ಸಿಕ್ಕಿದ್ದು ಟೈರಿನಲ್ಲಿ.

ಮೊದಲು ಅಳತೆ. ರಿಮ್ 17×7 ಇಂಚು, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖಕ್ಕಿರುವ ದೂರ) 48 ಮಿ.ಮೀ., ಸ್ಟಡ್ (ನಟ್ಟು ಕೂರುವ ಬೋಲ್ಟು) 5×100, ಅಂದರೆ 100 ಮಿ.ಮೀ. ವೃತ್ತದ ಮೇಲೆ ಐದು, ಹಬ್ಬಿನ ನಡುವಿನ ತುಟಿ 56.1 ಮಿ.ಮೀ. ಕಾರು ಸುಬಾರು ಜೊತೆ ಸೇರಿ ಮಾಡಿದ್ದಾದ್ದರಿಂದ ಸ್ಟಡ್ಡಿನ ಥ್ರೆಡ್ ಸುಬಾರುವಿನದು: ಎಂ12×1.25, ಅಂದರೆ 12 ಮಿ.ಮೀ. ದಪ್ಪ, ಸುತ್ತಿಗೆ 1.25 ಮಿ.ಮೀ. ಬೇರೆ ಟೊಯೋಟಾಗಳಿಗೆ ಸಾಮಾನ್ಯವಾಗಿ ಬರುವ ಎಂ12×1.5 ನಟ್ಟು ಕೈಯಲ್ಲಿ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಅಲ್ಲಿಗೇ ನಿಲ್ಲಿಸಿಬಿಡಿ; ನಟ್ಟು ಬಿಗಿಸುವ ಗನ್ ಹಿಡಿದರೆ ಸ್ಟಡ್ ಕೆಟ್ಟಿತು.

ಮುಂದಿನ 5 ಮಿ.ಮೀ. ಬಿಲ್ಲೆಯ ತೊಂದರೆ ಎರಡು. ಹಬ್ಬಿನ ನಡುವಿನ ತುಟಿಯಲ್ಲಿ ಅಷ್ಟು ಭಾಗವನ್ನು ಅದು ನುಂಗುತ್ತದೆ. ರಿಮ್ ಕೂರಲು ಉಳಿಯುವುದು ಕಡಿಮೆ. ಒಂದಿಷ್ಟು ಓರೆಯಾಗಿ ಕೂತರೂ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಆ ನಡುಕ ಹೋಗುವುದಿಲ್ಲ, ಏಕೆಂದರೆ ತಪ್ಪು ಟೈರಿನದ್ದಲ್ಲ. ಎರಡನೆಯದು ಸ್ಟಡ್ಡಿನ ಉದ್ದ. 12 ಮಿ.ಮೀ. ಸ್ಟಡ್ಡಿಗೆ ನಟ್ಟು ಕನಿಷ್ಠ 12 ಮಿ.ಮೀ. ಹಿಡಿಯಬೇಕು, ಅಂದರೆ ಸುಮಾರು ಹತ್ತು ಸುತ್ತು. ಕೈಯಿಂದ ತಿರುಗಿಸಿ ಎಣಿಸಿ. ಕಡಿಮೆ ಬಂದರೆ ಉದ್ದ ಸ್ಟಡ್ ಹಾಕಿಸಿ, ಇಲ್ಲವೇ ಸ್ಪೇಸರನ್ನೇ ಬಿಡಿ.

20 ಮಿ.ಮೀ.ಯದಕ್ಕೆ ತನ್ನದೇ ಸ್ಟಡ್, ತನ್ನದೇ 56.1ರ ತುಟಿ ಇರುವುದರಿಂದ ಈ ತೊಂದರೆಗಳಿಲ್ಲ. ಆದರೆ ಕೂರಿಸಿದ ಮೇಲೆ ಅದರ ಮುಖದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿ. ಹಬ್ಬಿನ ಹಳೆಯ ಸ್ಟಡ್ಡಿನ ತುದಿ ಸ್ಕೇಲನ್ನು ಕೂದಲೆಳೆಯಷ್ಟು ಎತ್ತಿದರೂ ರಿಮ್ ಸಮನಾಗಿ ಕೂರುವುದಿಲ್ಲ. ಆ ತುದಿಗಳಿಗೆ ರಿಮ್ಮಿನ ಹಿಂಬದಿಯಲ್ಲಿ ಗುಳಿ ಇದ್ದರಷ್ಟೇ ಸರಿ.

ಹಾಕುವಾಗ ಹಬ್ಬಿನ ತುಕ್ಕನ್ನು ತಂತಿ ಬ್ರಷ್‌ನಿಂದ ಲೋಹ ಕಾಣುವವರೆಗೆ ತಿಕ್ಕಿ. ಹಬ್ ಉಕ್ಕು, ಸ್ಪೇಸರ್ ಅಲ್ಯೂಮಿನಿಯಂ. ನೀರು ಸೇರಿದರೆ ಒಂದಕ್ಕೊಂದು ಕಚ್ಚಿಕೊಂಡು ಬಿಚ್ಚಲು ಸುತ್ತಿಗೆಯೇ ಬೇಕಾಗುತ್ತದೆ. ತುಟಿಗೆ ಮಾತ್ರ ಆಂಟಿಸೀಜ್ (ಲೋಹ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟು) ತೆಳುವಾಗಿ ಸವರಿ. ಥ್ರೆಡ್ಡಿಗೆ ಬೇಡ, ಅದೇ ಟಾರ್ಕ್‌ನಲ್ಲಿ ಸ್ಟಡ್ ಅತಿಯಾಗಿ ಎಳೆಯಲ್ಪಡುತ್ತದೆ. ನಟ್ಟಿಗೆ 120 ನ್ಯೂಟನ್ ಮೀಟರ್, ಅಡ್ಡಡ್ಡ ಕ್ರಮದಲ್ಲಿ. ನೂರು ಕಿ.ಮೀ. ಓಡಿದ ಮೇಲೆ ಮತ್ತೆ ನೋಡಿ. ಹಿಂದಿನ ಸ್ಪೇಸರನ್ನು ಹಬ್ಬಿಗೆ ಹಿಡಿದಿರುವ ಒಳಗಿನ ನಟ್ಟುಗಳಿಗಾಗಿ ಚಕ್ರ ಬಿಚ್ಚಲೇಬೇಕು; ಎಲ್ಲರೂ ಸೋಮಾರಿತನ ಮಾಡುವುದು ಇಲ್ಲೇ.

ಈಗ ಟೈರು. ಮೂಲದ 215/45 ಆರ್17ರ ವ್ಯಾಸ ಸುಮಾರು 625 ಮಿ.ಮೀ., 225/45ರದ್ದು 634. ಹೆಚ್ಚಳ ಶೇ. 1.4, 7 ಇಂಚಿನ ರಿಮ್ಮಿಗೆ ನಡೆಯುತ್ತದೆ. ವೇಗವರ್ಧನೆ ತುಸು ಮಂದವಾದರೂ ತಿರುವಿನಲ್ಲಿ ಹಿಡಿತ ಹೆಚ್ಚಿದ್ದು ಸ್ಪಷ್ಟ. ಅದರಲ್ಲಿ ಅಗಲಕ್ಕಿಂತ ರಬ್ಬರಿನ ಪಾಲೇ ದೊಡ್ಡದು, ಮೂಲದ ಮಿಷೆಲಿನ್ ಪ್ರೈಮಸಿ ಎಚ್‌ಪಿ ಹಿಡಿತಕ್ಕೆಂದೇ ಮಾಡಿದ ಟೈರಲ್ಲ. 245/40 ಬೇಕೆಂದರೆ 8 ಇಂಚಿನ ರಿಮ್ ಬೇಕೇ ಬೇಕು. 7ರ ಮೇಲೆ ಅದರ ಪಕ್ಕೆ ಉಬ್ಬಿ, ಸ್ಟೀರಿಂಗ್ ತಿರುಗಿಸಿದಾಗ ಕಾರು ತಡವಾಗಿ ಓಗೊಡುತ್ತದೆ. ಹಿಂದೆ ಮಾತ್ರ ಅಗಲದ ಟೈರು ಹಾಕಬೇಡಿ: ತಿರುವಿನಲ್ಲಿ ಕಾರು ಹೊರಕ್ಕೆ ಮೂಗು ನೂಕಲು ಶುರುಮಾಡುತ್ತದೆ, ಟೈರನ್ನು ಹಿಂದೆಮುಂದೆ ಬದಲಿಸುವ ಅನುಕೂಲವೂ ಹೋಗುತ್ತದೆ.

ಬ್ರಿಟನ್ನಿನಲ್ಲಿ ಈ ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸಬೇಕು. ಆಸ್ಟ್ರೇಲಿಯಾದಲ್ಲಿ ಕಾರು ತಯಾರಕರೇ ಕೊಡದ ಸ್ಪೇಸರ್‌ಗೆ ಅನುಮತಿಯಿಲ್ಲ. ಅಲ್ಲಿರುವವರಿಗೆ 17×8, ಆಫ್‌ಸೆಟ್ 45ರ ರಿಮ್ ಒಳ್ಳೆಯ ದಾರಿ: ಹೊರ ಅಂಚು ಸುಮಾರು 16 ಮಿ.ಮೀ. ಆಚೆ ಬರುತ್ತದೆ. ಒಳ ಅಂಚೂ ಸುಮಾರು 10 ಮಿ.ಮೀ. ಸ್ಟ್ರಟ್ (ಸಸ್ಪೆನ್ಷನ್ನಿನ ಕಂಬ) ಕಡೆಗೆ ಸರಿಯುತ್ತದೆ, ಕೊಳ್ಳುವ ಮುನ್ನ ಆ ಸಂದನ್ನು ಅಳೆದುಕೊಳ್ಳಿ.