304 ಅಂತ ನಂಬಿಸಿ 201 ಸ್ಟೀಲ್ ಕಳಿಸಿದರು, ಉಳಿದ 70% ಕಟ್ಟುವ ಮೊದಲು ಓದಿ

ತೆಂಗಿನಕಾಯಿ ಚಿಪ್ಸ್ ಒಣಗಿಸಲು ಚೀನಾದಿಂದ ಡ್ರೈಯರ್ ತರಿಸುವ ಯೋಚನೆಯಲ್ಲಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆಯವರಿಗೆ ಮುಖ್ಯವಾಗಿ ಹೇಳುತ್ತಿದ್ದೇನೆ. ಚಿಪ್ಸ್ ಮಾಡುವ ಕ್ರಮ ಕಲಿಯಲು ಕಾಸರಗೋಡಿನಲ್ಲೇ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಇದೆ. ಮೋಸ ಆಗುವುದು ಯಂತ್ರ ತೆಗೆದುಕೊಳ್ಳುವಾಗ.

ನನ್ನ ಹತ್ತಿರ ಎರಡು ಕೊಟೇಶನ್ ಇತ್ತು, ಎರಡೂ 304 ಸ್ಟೀಲಿಗೆ (304, 201 ಅನ್ನುವುದು ಸ್ಟೇನ್‌ಲೆಸ್ ಸ್ಟೀಲಿನ ಗ್ರೇಡ್). ಒಂದು ಮಂಗಳೂರಿನ ಬೈಕಂಪಾಡಿಯ ವರ್ಕ್‌ಶಾಪಿನದ್ದು. ಇನ್ನೊಂದು ಚೀನಾದ್ದು, ಹೆಚ್ಚುಕಡಿಮೆ ಅರ್ಧ ಬೆಲೆ. ಬೈಕಂಪಾಡಿಯವರು ಆಗಲೇ ಹೇಳಿದ್ದರು, "ಅಣ್ಣಾ, 304 ಶೀಟಿನ ರೇಟೇ ಇಷ್ಟಿದೆ. ಅವರು ಅಷ್ಟಕ್ಕೆ ಹೇಗೆ ಕೊಡ್ತಾರೆ, ಕೇಳಿ ನೋಡಿ." ಕೇಳಿದೆ. "ನಾವೇ ಫ್ಯಾಕ್ಟರಿ ಡಿಯರ್, ಮಧ್ಯೆ ಯಾರೂ ಇಲ್ಲ, ನೂರಕ್ಕೆ ನೂರು 304" ಅಂತ ಉತ್ತರ ಬಂತು. ಜೊತೆಗೆ ಟೆಸ್ಟ್ ಸರ್ಟಿಫಿಕೇಟ್. ಟ್ರೇಗೆ ಮ್ಯಾಗ್ನೆಟ್ ಹಿಡಿದ ವಿಡಿಯೊ. ಅಂಟಲಿಲ್ಲ, ಹಾಗಾದರೆ 304 ಅಂತ ನಂಬಿದೆ. 30% ಅಡ್ವಾನ್ಸ್, ಉಳಿದ 70% ಲೋಡ್ ಆಗುವ ಮೊದಲು. ಎಲ್ಲ ಕಡೆ ಇದೇ ಕ್ರಮ ಅಲ್ವಾ, ಕಟ್ಟಿದೆ.

ಅರ್ಧ ಬೆಲೆ ಅನ್ನುವುದೂ ಸುಳ್ಳಾಯಿತು. ಅವರು ಹೇಳಿದ್ದು ಎಫ್‌ಒಬಿ ರೇಟು, ಅಂದರೆ ಅವರ ಬಂದರಿನವರೆಗೆ ಮಾತ್ರ. ಹಡಗಿನ ಬಾಡಿಗೆ, ಕಸ್ಟಮ್ಸ್, ಐಜಿಎಸ್‌ಟಿ, ಕ್ಲಿಯರಿಂಗ್ ಏಜೆಂಟ್, ಕೊಚ್ಚಿಯಿಂದ ಲಾರಿ, ಎಲ್ಲ ನಮ್ಮ ತಲೆಗೆ. ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ ಬಂದದ್ದಕ್ಕೆ ಬಂದರಿನಲ್ಲಿ ಇನ್ನೊಂದು ಬಿಲ್ಲು. ಹೋಗಲಿ, ಅದನ್ನು ಹೇಗೋ ತಡೆದುಕೊಳ್ಳಬಹುದಿತ್ತು.

ಉಪ್ಪಿನ ಚಿಪ್ಸ್ ಶುರು ಮಾಡಿದ ಮೇಲೆ ಟ್ರೇಯ ವೆಲ್ಡಿಂಗ್ ಗೆರೆಯ ಉದ್ದಕ್ಕೂ ಕಂದು ಚುಕ್ಕೆ ಎದ್ದಿತು. ಅತ್ತೆ ಬಿಳಿ ಬಟ್ಟೆಯಲ್ಲಿ ಒರೆಸಿದರು. ಬಟ್ಟೆಗೆ ತುಕ್ಕು ಹತ್ತಿತು. ಕೆಲಸದ ಹೆಂಗಸರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಇದು ಸ್ಟೀಲ್ ಅಲ್ವಾ?" ಏನು ಹೇಳಲಿ? ತಿನ್ನುವ ವಸ್ತು, ಅದರಲ್ಲಿ ತುಕ್ಕು! ಆ ಬ್ಯಾಚ್ ಪೂರ್ತಿ ಎಸೆಯಬೇಕಾಯಿತು.

ಒಂದು ಟ್ರೇ ಹಿಡಿದುಕೊಂಡು ಮಂಗಳೂರಿನ ಸ್ಟೀಲ್ ಅಂಗಡಿಗೆ ಹೋದೆ. ಅವರು ಒಂದು ಹನಿ ದ್ರಾವಣ ಬಿಟ್ಟು ಸಣ್ಣ ಬ್ಯಾಟರಿ ಮುಟ್ಟಿಸಿದರು. ಹನಿ ಕೆಂಪಾಯಿತು. "201 ಇದು" ಅಂದರು. 304ರಲ್ಲಿ ಸುಮಾರು 8% ನಿಕಲ್ ಇರುತ್ತದೆ. 201ರಲ್ಲಿ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಹಾಕುತ್ತಾರೆ. ಬೆಲೆ ಕಡಿಮೆ, ಉಪ್ಪು ತಾಗಿದರೆ ಬೇಗ ತುಕ್ಕು. 201ಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲವಂತೆ! ಆ ವಿಡಿಯೊ ಕಳಿಸಿದವರಿಗೆ ಇದು ಗೊತ್ತಿರಲಿಲ್ಲವಾ? ಗೊತ್ತಿದ್ದೇ ಕಳಿಸಿದ್ದು. ಗೊತ್ತಿದ್ದೇ.

ಚೀನಾದವರ ಉತ್ತರಗಳನ್ನು ಕೇಳಿ. ಮೊದಲು, "ನಿಮ್ಮ ನೀರಿನಲ್ಲಿ ಉಪ್ಪು ಜಾಸ್ತಿ." ಆಮೇಲೆ, "ತೊಳೆಯುವ ಸೋಪು ಸರಿ ಇಲ್ಲ." ಹನಿ ಕೆಂಪಾದ ಫೋಟೊ ಕಳಿಸಿದ ಮೇಲೆ, "ಡಿಯರ್, ಮುಂದಿನ ಆರ್ಡರಿಗೆ ಡಿಸ್ಕೌಂಟ್ ಕೊಡುತ್ತೇವೆ." ಮುಂದಿನ ಆರ್ಡರ್! ದುಡ್ಡು ವಾಪಸ್ ಕೇಳಿದರೆ ಯಂತ್ರ ವಾಪಸ್ ಕಳಿಸಿ ಅಂದರು, ಸಾಗಾಟದ ಖರ್ಚು ನಮ್ಮದೇ. ಸರ್ಟಿಫಿಕೇಟಿನಲ್ಲಿ ಹೀಟ್ ನಂಬರ್ (ಸ್ಟೀಲ್ ಕರಗಿಸಿದ ಬ್ಯಾಚಿನ ನಂಬರ್) ಇದೆ, ಅದು ಯಾವ ಶೀಟಿನದ್ದು ಅಂತ ಕೇಳಿದೆ. ಅಲ್ಲಿಂದ ಈಚೆಗೆ ಉತ್ತರವೇ ಇಲ್ಲ.

ಬೈಕಂಪಾಡಿಯವರು ತಪ್ಪು ಮಾಡಿದ್ದರೆ ಬೈಕ್ ಹತ್ತಿ ಹೋಗಿ ಬಾಗಿಲಲ್ಲಿ ನಿಲ್ಲಬಹುದಿತ್ತು. ಇಲ್ಲಿ ಎಲ್ಲಿ ಹೋಗಿ ನಿಲ್ಲಲಿ?

ಹೊರಗಿನಿಂದಲೇ ತರಿಸುತ್ತೀರಾದರೆ 70% ಕಟ್ಟುವ ಮೊದಲು ಅಲ್ಲಿನ ಬೇರೆ ಇನ್‌ಸ್ಪೆಕ್ಷನ್ ಕಂಪನಿಯಿಂದ ಸ್ಟೀಲ್ ಚೆಕ್ ಮಾಡಿಸಿ. ಅದರ ಫೀಸು ನೀವೇ ಕೊಡಿ, ಮಾರುವವರು ಹೇಳಿದ ಕಂಪನಿ ಬೇಡ. ಗ್ರೇಡ್ ಬೇರೆ ಬಂದರೆ ಯಾರು ಎಷ್ಟು ಕೊಡಬೇಕು ಅಂತ ಇನ್‌ವಾಯ್ಸಿನಲ್ಲೇ ಬರೆಸಿ. ಮ್ಯಾಗ್ನೆಟ್ ವಿಡಿಯೊ ನಂಬಬೇಡಿ. ಈಗಾಗಲೇ ಅಡ್ವಾನ್ಸ್ ಕಟ್ಟಿದವರು ಇವತ್ತೇ ಹೀಟ್ ನಂಬರ್ ಕೇಳಿ, ಅದು ಶೀಟಿನ ಮೇಲೆ ಕಾಣುವ ಹಾಗೆ ಫೋಟೊ ತರಿಸಿಕೊಳ್ಳಿ. ಕೊಡದಿದ್ದರೆ ಉಳಿದ ದುಡ್ಡು ಕಟ್ಟಬೇಡಿ.